ರಕ್ಷಣೆಗಾಗಿ ಮಾಡಿದ ಬಂಧನವು ಅತಿಚಾರವೇ?

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರವನ್ನು ಪಾರಾಯಣ ಮಾಡುವ ಸಂಪ್ರದಾಯವು ದಿಗಂಬರ ಶ್ರಾವಕರ ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಬಹುಕಾಲದಿಂದ ನಡೆದುಬಂದಿದೆ. ಹತ್ತು ಅಧ್ಯಾಯಗಳನ್ನು ಭಾವಪೂರ್ವಕವಾಗಿ ಪಠಿಸಿದವನಿಗೆ ಒಂದು ಉಪವಾಸದ ಫಲವುಂಟೆಂದು ಹಿರಿಯರು ಹೇಳುತ್ತಾರೆ. ಏಳನೆಯ ದಿನ ಬರುವುದು ವ್ರತಗಳ ಅಧ್ಯಾಯ. ಬಂಧ, ವಧ, ಛೇದ, ಅತಿಭಾರವನ್ನು ಹೇರುವುದು, ಅನ್ನಪಾನಗಳನ್ನು ತಡೆಯುವುದು ಎಂಬ ಐದನ್ನು ಅಹಿಂಸಾಣುವ್ರತದ ಅತಿಚಾರಗಳೆಂದು ಉಮಾಸ್ವಾಮಿ ಆಚಾರ್ಯರು ಎಣಿಸಿರುವುದು ಅಲ್ಲಿಯೇ. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಬಡಿಯುವುದು. ಕೊಂದರೆ ವ್ರತವೇ ಭಂಗವಾಗುವುದರಿಂದ ಅದು ಅತಿಚಾರದ ಲೆಕ್ಕಕ್ಕೆ ಬಾರದು.

ಈ ಐದನ್ನು ಕೇಳಿದೊಡನೆ ಒಕ್ಕಲುತನದ ಮನೆಯವರ ಕಣ್ಣಮುಂದೆ ನಿಲ್ಲುವುದು ಹಟ್ಟಿಯ ಗೂಟ, ದನದ ಕೊರಳ ಕಣ್ಣಿ, ಎತ್ತಿನ ಬೆನ್ನ ಮೇಲಿನ ಬಾಸುಂಡೆ, ಹೊತ್ತಿಗೆ ಸರಿಯಾಗಿ ನೀರು ತೋರಿಸದ ಆಳಿನ ಸೋಮಾರಿತನ. ಪ್ರಾಣಿಯು ತಾನು ಹೋಗಬಯಸುವ ಕಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಟೀಕಾಕಾರರ ಅಭಿಪ್ರಾಯ. ಆದರೆ ಗೃಹಸ್ಥನು ದನವನ್ನು ಕಟ್ಟದೆ ಬಾಳಲಾರನು. ಆದುದರಿಂದ ಶ್ರಾವಕಾಚಾರವನ್ನು ವಿವರಿಸಿದ ಹಿರಿಯರು, ಕಟ್ಟಲೇಬೇಕಾದರೆ ನಿರ್ದಯೆಯಿಂದ ಬಿಗಿಯಬಾರದು, ಬೆಂಕಿ ಬಿದ್ದಾಗ ಪ್ರಾಣಿಯು ತಾನೇ ಬಿಡಿಸಿಕೊಂಡು ಓಡುವಷ್ಟು ಸಡಿಲವಾಗಿ ಕಟ್ಟಬೇಕು ಎಂದರು. ಈ ಮಾತಿನ ಹಿಂದೆ ಒಂದು ನಂಬಿಕೆಯಿದೆ: ಹಟ್ಟಿಗೆ ಬೆಂಕಿ ಬಿದ್ದರೂ ಹೊರಗೆ ಬಯಲಿದೆ, ಕಾಡಿದೆ, ಓಡಿಹೋದ ಪ್ರಾಣಿಗೆ ನೆಲೆಯಿದೆ. ಬೆಂಕಿಯು ಹಟ್ಟಿಯಲ್ಲಿರದೆ ಕಾಡಿನಲ್ಲಿಯೇ ಇದ್ದರೆ ಏನು ಮಾಡತಕ್ಕದ್ದು? ಪ್ರಾಣಿಯನ್ನು ಬೆಂಕಿಯಿಂದ ಪಾರುಮಾಡುವುದಕ್ಕೆ ಕಟ್ಟುವುದೊಂದೇ ದಾರಿಯಾದರೆ ಆ ಕಟ್ಟು ಅತಿಚಾರವೇ, ಅಲ್ಲವೇ?

ಈ ಪ್ರಶ್ನೆಯನ್ನು ಕಲ್ಪಿಸಿಕೊಂಡು ಕೇಳಬೇಕಾಗಿಲ್ಲ. ಸುಮಾತ್ರಾ ಮತ್ತು ಬೋರ್ನಿಯೋ ದ್ವೀಪಗಳಲ್ಲಿ ನಾಲ್ಕು ದಶಕಗಳಿಂದ ಇದು ನಿಜವಾಗಿಯೇ ನಡೆದಿದೆ. ಅಲ್ಲಿ ಕಟ್ಟಿಗೆ ಒಳಗಾದ ಪ್ರಾಣಿ ಖಡ್ಗಮೃಗ. ಹನ್ನೊಂದನೆಯ ತೀರ್ಥಂಕರರಾದ ಶ್ರೇಯಾಂಸನಾಥ ಸ್ವಾಮಿಗಳ ಲಾಂಛನವೂ ಖಡ್ಗಮೃಗವೇ ಆಗಿರುವುದರಿಂದ ಜೈನರ ಮನೆಗಳಿಗೆ ಇದು ತೀರ ಅಪರಿಚಿತವಾದ ಮೃಗವಲ್ಲ. ಇಪ್ಪತ್ತನಾಲ್ಕು ತೀರ್ಥಂಕರರ ಸಾಲಿನ ಮುಂದೆ ವೃಷಭ, ಗಜ, ಅಶ್ವಗಳನ್ನು ಬೆರಳಿಟ್ಟು ಹೇಳುವ ಮಕ್ಕಳು ಹನ್ನೊಂದನೆಯ ಪೀಠದ ಬಳಿ ತಡವರಿಸಿ, ಇದು ಎಮ್ಮೆಯೋ ಹಂದಿಯೋ ಎಂದು ಕೇಳುವುದುಂಟು. ಮುಂದಿನ ವಾಸುಪೂಜ್ಯರಿಗೆ ಮಹಿಷವೂ ಅದರ ಮುಂದಿನ ವಿಮಲನಾಥರಿಗೆ ವರಾಹವೂ ಲಾಂಛನವಾಗಿರುವುದರಿಂದ ಮಕ್ಕಳ ಗೊಂದಲ ಸಹಜವೇ. ಪೀಠದ ಮೇಲೆ ಸಾಮಾನ್ಯವಾಗಿ ಕಾಣುವುದು ನಮ್ಮ ದೇಶದ ಒಂಟಿಕೊಂಬಿನ ಮೃಗ. ಸುಮಾತ್ರಾದ್ದು ಅದರ ದಾಯಾದಿ, ಎರಡು ಕೊಂಬಿನದು.

ಭೂಮಿಯ ಮೇಲಿರುವ ಐದು ಬಗೆಯ ಖಡ್ಗಮೃಗಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು. ಮೈಮೇಲೆ ಕೆಂಗಂದು ಬಣ್ಣದ ಕೂದಲು. ಹಗಲಿನ ಬಹುಭಾಗವನ್ನು ಕೆಸರಿನ ಹೊಂಡದಲ್ಲಿ ಮಲಗಿ ಕಳೆಯುತ್ತದೆ, ಕೆಸರು ದೊರೆಯದಿದ್ದರೆ ಚರ್ಮ ಬಿರಿಯುತ್ತದೆ. ಒಂಟಿಯಾಗಿ ಬಾಳುತ್ತದೆ, ಎಲೆ ಚಿಗುರು ಕೊಂಬೆಗಳನ್ನು ತಿನ್ನುತ್ತದೆ, ಬಗೆಬಗೆಯ ದನಿಯಲ್ಲಿ ಕೂಗುತ್ತದೆ. ಹೆಣ್ಣು ಗರ್ಭ ಧರಿಸಿ ಹದಿನೈದು ಹದಿನಾರು ತಿಂಗಳಿಗೆ ಒಂದೇ ಮರಿಯನ್ನು ಈಯುತ್ತದೆ. ಇನ್ನೊಂದು ಮರಿಗೆ ಮೂರು ನಾಲ್ಕು ವರ್ಷ ಬೇಕು. ಒಂದು ಕಾಲಕ್ಕೆ ಅಸ್ಸಾಮಿನ ಬೆಟ್ಟಗಳಿಂದ ಬರ್ಮಾ, ಮಲಯ ದೇಶಗಳ ಮೂಲಕ ಬೋರ್ನಿಯೋದವರೆಗೆ ಇದು ಹರಡಿತ್ತು. ಭಾರತದಲ್ಲಿ ಈಗ ಒಂದೂ ಇಲ್ಲ. ಇದರ ಕೊಂಬು ನಮ್ಮ ಉಗುರಿನಂಥದೇ ವಸ್ತು. ಆದರೂ ಚೀನೀ ವೈದ್ಯದಲ್ಲಿ ಜ್ವರಕ್ಕೆ ಔಷಧವೆಂಬ ನಂಬಿಕೆಯಿಂದ ಶತಮಾನಗಳ ಕಾಲ ಬೇಟೆಯಾಯಿತು. 1975ರಿಂದ ದೇಶದೇಶಗಳ ನಡುವೆ ಇದರ ವ್ಯಾಪಾರ ನಿಷಿದ್ಧವಾಗಿದೆ, ಬೇಟೆ ಮಾತ್ರ ನಿಲ್ಲಲಿಲ್ಲ. ಕಾಡುಗಳೂ ತುಂಡುತುಂಡಾದವು. 2022ರಲ್ಲಿ ಪ್ರಕಟವಾದ ಅಂದಾಜಿನಂತೆ ಉಳಿದಿರುವವು 34ರಿಂದ 47. ದಶಲಕ್ಷಣದಲ್ಲಿ ಒಂದು ಚಿಕ್ಕ ಊರಿನ ಬಸದಿಯಲ್ಲಿ ಸೇರುವ ಜನಕ್ಕಿಂತ ಇದು ಕಡಿಮೆ.

1984ರಲ್ಲಿ ಸಿಂಗಪುರದಲ್ಲಿ ನಡೆದ ಸಮಾಲೋಚನೆಯಲ್ಲಿ ಪ್ರಾಣಿತಜ್ಞರು ಒಂದು ತೀರ್ಮಾನಕ್ಕೆ ಬಂದರು. ಕಾಡಿನ ತುಣುಕುಗಳಲ್ಲಿ ಅಳಿದುಹೋಗಲಿರುವ ಮೃಗಗಳನ್ನು ಹಿಡಿದು, ಕಾವಲಿನಲ್ಲಿಟ್ಟು, ಸಂತಾನ ಬೆಳೆಸಬೇಕು. 1984ರಿಂದ 1996ರವರೆಗೆ 40 ಖಡ್ಗಮೃಗಗಳನ್ನು ಹಿಡಿದು ಮಲೇಷಿಯಾ, ಇಂಡೋನೇಷಿಯಾ, ಇಂಗ್ಲೆಂಡು, ಅಮೆರಿಕಾಗಳ ಮೃಗಾಲಯಗಳಿಗೂ ಕೇಂದ್ರಗಳಿಗೂ ಸಾಗಿಸಿದರು. ಹಿಡಿದವರು ಬೇಟೆಗಾರರಲ್ಲ. ಕೊಂಬಿಗೆ ಆಸೆಪಟ್ಟವರೂ ಅಲ್ಲ. ಅವರ ಸಂಕಲ್ಪದಲ್ಲಿ ಕೊಲೆಯಿರಲಿಲ್ಲ, ರಕ್ಷಣೆಯೇ ಇತ್ತು. ಇದನ್ನು ಮೊದಲೇ ಒಪ್ಪಿಕೊಂಡು ಮುಂದಿನದನ್ನು ನೋಡಬೇಕು.

ಅಮೆರಿಕಾಕ್ಕೆ ಹೋದವು 7. ಅವುಗಳಿಗೆ ಅಲ್ಲಿ ಒಣಹುಲ್ಲನ್ನು ಹಾಕಿದರು. ಬೇರೆ ಖಡ್ಗಮೃಗಗಳು ಹುಲ್ಲು ತಿಂದು ಬದುಕುತ್ತವೆ, ಇವೂ ಬದುಕಬಹುದೆಂಬ ಎಣಿಕೆ. ಈ ಜಾತಿಯು ಹುಲ್ಲಿನಿಂದ ಬಾಳಲಾರದು, ಹಸಿ ಎಲೆ ಕೊಂಬೆಗಳೇ ಬೇಕು ಎಂಬುದು ಮನಸ್ಸಿಗೆ ಬರುವ ಹೊತ್ತಿಗೆ ಉಳಿದಿದ್ದವು 3. ಆ ಮೂರನ್ನು ಸಿನ್ಸಿನಾಟಿ ನಗರದ ಮೃಗಾಲಯದಲ್ಲಿ ಒಂದೆಡೆ ಸೇರಿಸಿ, ಅತ್ತಿ ಆಲಗಳ ಜಾತಿಗೆ ಸೇರಿದ ಮರಗಳ ಸೊಪ್ಪನ್ನು ಕ್ಯಾಲಿಫೋರ್ನಿಯಾದಿಂದ ವಿಮಾನದಲ್ಲಿ ತರಿಸಿ ಹಾಕಿದರು, ಅವು ಚೇತರಿಸಿಕೊಂಡವು. ಪಂಚೋದುಂಬರಗಳ ಹಣ್ಣನ್ನು ತ್ರಸಜೀವಿಗಳ ದಯೆಯಿಂದ ಬಿಟ್ಟಿರುವ ಶ್ರಾವಕರಿಗೆ, ಅದೇ ಕುಲದ ಮರಗಳ ಎಲೆಯು ಇನ್ನೊಂದು ಜೀವದ ಪ್ರಾಣವನ್ನು ಹಿಡಿದು ನಿಲ್ಲಿಸಿತೆಂಬುದು ಕೇಳಲು ಹಿತವಾದ ಸಂಗತಿ. ಆದರೆ ಅದಕ್ಕೆ ಮುಂಚೆ ಹೋದ ನಾಲ್ಕನ್ನು ಮರೆಯುವಂತಿಲ್ಲ.

ಕಾರ್ಯಕ್ರಮದ ಒಟ್ಟು ಲೆಕ್ಕವೂ ಇದೇ ಬಗೆಯದು. 1997ರ ವೇಳೆಗೆ ಹಿಡಿದವುಗಳಲ್ಲಿ 20 ಸತ್ತಿದ್ದವು. ಬಂಧನದಲ್ಲಿ ಜೋಡಿಗೂಡಿಸಿ ಪಡೆದ ಮರಿ ಒಂದೂ ಇರಲಿಲ್ಲ. ಉಳಿದವುಗಳ ಭಾಗ್ಯವೂ ದೊಡ್ಡದಾಗಿರಲಿಲ್ಲ. ಮಲಯ ಪರ್ಯಾಯದ್ವೀಪದ ಸುಂಗೈ ದುಸುನ್ ಎಂಬಲ್ಲಿನ ಕೇಂದ್ರದಲ್ಲಿದ್ದವೆಲ್ಲ 2000ದ ನಂತರದ ಕೆಲವೇ ವರ್ಷಗಳಲ್ಲಿ ರೋಗ ಹರಡಿ ಇಲ್ಲವಾದವು.

ಇಲ್ಲಿ ಆಚಾರ್ಯರ ಹಿಂಸಾಲಕ್ಷಣವನ್ನು ನೆನೆಯಬೇಕಾಗುತ್ತದೆ. ಪ್ರಾಣವಿಯೋಗವಾಯಿತೆಂಬಷ್ಟರಿಂದಲೇ ಹಿಂಸೆಯಾಗದು, ಅದರ ಮೂಲದಲ್ಲಿ ಪ್ರಮಾದವಿರಬೇಕು. ಈರ್ಯಾಸಮಿತಿಯಿಂದ ನೋಡಿ ನೋಡಿ ಹೆಜ್ಜೆಯಿಡುವ ಮುನಿಗಳ ಪಾದದಡಿಯಲ್ಲಿ ಹುಳುವೊಂದು ಬಂದು ಸತ್ತರೆ ಆ ಮುನಿಗಳಿಗೆ ಹಿಂಸಾದೋಷವಿಲ್ಲ. ನೋಡದೆ ನಡೆಯುವವನ ಕಾಲಿಗೆ ಹುಳುವು ಸಿಗದೆ ತಪ್ಪಿಸಿಕೊಂಡರೂ ಅವನಿಗೆ ದೋಷವುಂಟು. ರೋಗಿಯ ಮೈಯನ್ನು ಕೊಯ್ಯುವ ವೈದ್ಯನ ದೃಷ್ಟಾಂತವನ್ನೂ ಪಂಡಿತರು ಕೊಡುತ್ತಾರೆ: ಎಚ್ಚರದಿಂದ ಕೊಯ್ದ ವೈದ್ಯನ ಕೈಯಲ್ಲಿ ರೋಗಿ ಸತ್ತರೂ ಅವನು ಹಿಂಸಕನಲ್ಲ. ಸುಮಾತ್ರಾದ ಮೃಗಗಳನ್ನು ಹಿಡಿದವರನ್ನು ಈ ವೈದ್ಯನ ಸಾಲಿಗೆ ಸೇರಿಸಿ ಬಿಟ್ಟುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ರೋಗವೇ ತಿಳಿಯದಿರುವುದು ಬೇರೆ. ರೋಗಿಯು ಏನು ಉಣ್ಣುತ್ತಾನೆಂದು ಕೇಳದಿರುವುದು ಬೇರೆ. ಈ ಮೃಗವು ಎಲೆ ತಿನ್ನುವುದೆಂಬುದು ಆ ಕಾಡುಗಳನ್ನು ಬಲ್ಲವರಿಗೆ ಮೊದಲೇ ತಿಳಿದಿತ್ತು. ಹೊಸದಾಗಿ ತಂದ ಹಸುವು ಮೇವಿಗೆ ಬಾಯಿಡದಿದ್ದರೆ ಮಾರಿದವನ ಮನೆಗೆ ಆಳನ್ನು ಕಳುಹಿಸಿ, ಅಲ್ಲಿ ಏನು ಹಾಕುತ್ತಿದ್ದರೆಂದು ವಿಚಾರಿಸುವ ವಿವೇಕ ಹಳ್ಳಿಯ ಹೆಂಗಸಿಗೂ ಉಂಟು. ಸಮುದ್ರ ದಾಟಿಸಿ ತಂದ ಮೃಗದ ಮುಂದೆ ತಮ್ಮಲ್ಲಿರುವ ಹುಲ್ಲನ್ನೇ ಸುರಿದು ಕಾದದ್ದು ಬಂಧದ ಜೊತೆಗೆ ಅನ್ನಪಾನನಿರೋಧವೂ ಆಯಿತು. ಅನ್ನವನ್ನು ತಡೆಯಬೇಕೆಂಬ ಮನಸ್ಸಿರಲಿಲ್ಲ ನಿಜ. ಮೃಗದ ಹೊಟ್ಟೆಗೆ ಅನ್ನ ಸೇರಲಿಲ್ಲವೆಂಬುದೂ ನಿಜ.

ಹಾಗಾದರೆ ಹಿಡಿಯದೆ ಬಿಟ್ಟುಬಿಡುವುದೇ ನಿರ್ದೋಷವಾದ ಮಾರ್ಗವಾಗಿತ್ತೇ? ಅನೇಕ ಸಜ್ಜನರಿಗೆ ಹಾಗೆ ತೋರುತ್ತದೆ. ಕಾಡಿನ ಜೀವವನ್ನು ಕಾಡಿನಲ್ಲಿಯೇ ಬಿಡಬೇಕು, ಅದರ ಕರ್ಮ ಅದಕ್ಕೆ, ನಮ್ಮ ಕೈ ಶುದ್ಧವಾಗಿರಲಿ ಎಂಬುದು ಅವರ ನಿಲುವು. ಈ ನಿಲುವನ್ನು ಮಲೇಷಿಯಾದ ಸಬಾ ಪ್ರಾಂತದಲ್ಲಿ ಕೊನೆಗುಳಿದ ಮೂರು ಮೃಗಗಳ ಪಕ್ಕದಲ್ಲಿಟ್ಟು ನೋಡಬೇಕು. ತಾಮ್ ಎಂಬ ಗಂಡು 2008ರಲ್ಲಿ ಕಾಡಿನಿಂದ ಎಣ್ಣೆತಾಳೆಯ ತೋಟವೊಂದಕ್ಕೆ ಬಂದು ನಿಂತಿತ್ತು. ಪುಂತುಂಗ್ ಎಂಬ ಹೆಣ್ಣಿಗೆ ಒಂದು ಮುಂಗಾಲಿನ ಪಾದವಿರಲಿಲ್ಲ. ಮರಿಯಾಗಿದ್ದಾಗಲೇ ಬೇಟೆಗಾರರ ಉರುಲಿಗೆ ಸಿಕ್ಕಿ ಕಳೆದುಕೊಂಡದ್ದು. ಅದನ್ನು 2011ರ ಕೊನೆಯಲ್ಲಿ ಹಿಡಿದರು. ಇಮಾನ್ ಎಂಬ ಇನ್ನೊಂದು ಹೆಣ್ಣನ್ನು 2014ರಲ್ಲಿ ಹಿಡಿದರು. ಎರಡು ಹೆಣ್ಣುಗಳ ಗರ್ಭಕೋಶದಲ್ಲಿಯೂ ಗಂಟು ಗುಳ್ಳೆಗಳು ತುಂಬಿದ್ದವು. ಈ ಜಾತಿಯ ಹೆಣ್ಣು ಬಹುಕಾಲ ಗರ್ಭ ಧರಿಸದಿದ್ದರೆ ಗರ್ಭಕೋಶವು ಹೀಗೆ ಕೆಡುತ್ತದೆಂದು ವೈದ್ಯರು ಕಂಡುಕೊಂಡಿದ್ದಾರೆ. ಕಾಡಿನಲ್ಲಿ ಗಂಡು ಹೆಣ್ಣುಗಳ ಸಂಖ್ಯೆ ಇಳಿಯುತ್ತ ಬಂದು, ಒಂದರ ಸುಳಿವು ಇನ್ನೊಂದಕ್ಕೆ ಸಿಗದಂತಾಗಿ, ಯಾರೂ ಮುಟ್ಟದೆ ಬಿಟ್ಟ ಮೃಗವೇ ಒಳಗಿನಿಂದ ನಶಿಸುತ್ತಿತ್ತು. 2017ರಲ್ಲಿ ಪುಂತುಂಗ್, 2019ರ ಮೇ ತಿಂಗಳಲ್ಲಿ ತಾಮ್, ಅದೇ ವರ್ಷದ ನವೆಂಬರಿನಲ್ಲಿ ಇಮಾನ್ ತೀರಿಕೊಂಡವು. ಮಲೇಷಿಯಾದಲ್ಲಿ ಸುಮಾತ್ರಾ ಖಡ್ಗಮೃಗದ ಕಥೆ ಅಲ್ಲಿಗೆ ಮುಗಿಯಿತು.

ಪುಂತುಂಗಿನ ಸಾವಿನ ಬಗೆಗೆ ಒಂದು ಮಾತು ಹೇಳದೆ ದಾಟುವಂತಿಲ್ಲ. ಅದರ ದವಡೆಯಲ್ಲಿ ಅರ್ಬುದ ರೋಗ ಬೆಳೆದು ನೋವು ತಡೆಯಲಾಗದಂತಾದಾಗ ವೈದ್ಯರು ಔಷಧ ಕೊಟ್ಟು ಅದರ ಪ್ರಾಣವನ್ನು ಕೊನೆಗೊಳಿಸಿದರು. ದುಃಖಿಯಾದ ಜೀವವನ್ನು ಕೊಂದರೆ ಅದರ ದುಃಖ ಬೇಗ ತೀರುವುದೆಂಬ ವಿಚಾರವನ್ನು ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿಕೊಂಡು ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ದುಃಖವು ದೇಹದೊಡನೆ ತೀರುವುದಿಲ್ಲವೆಂದು ಬಲ್ಲ ಶಾಸನಕ್ಕೆ ಬೇರೆ ಉತ್ತರ ಸಾಧ್ಯವೂ ಅಲ್ಲ. ಬಂಧದ ವಿಷಯದಲ್ಲಿ ಇರುವ ತೊಡಕು ಇಲ್ಲಿಲ್ಲ. ಆ ವೈದ್ಯರು ಕ್ರೂರಿಗಳಾಗಿರಲಿಲ್ಲ; ಅವರ ಕರುಣೆ ಮತ್ತು ಜೈನರ ಕರುಣೆ ಈ ಒಂದು ಸ್ಥಳದಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ, ಅಷ್ಟೆ.

ಬಿಟ್ಟುಬಿಡುವುದೇ ಶುದ್ಧವೆಂಬ ನಿಲುವಿಗೆ ಮರಳೋಣ. ಎಲ್ಲವನ್ನೂ ಬಿಟ್ಟವನಿಗೆ ಈ ಮಾತು ಒಪ್ಪುತ್ತದೆ. ಮಹಾವ್ರತಿಯು ಮರವನ್ನು ಕಡಿಯಲಿಲ್ಲ, ಕಡಿಸಲಿಲ್ಲ, ಕಡಿದವನನ್ನು ಮೆಚ್ಚಲಿಲ್ಲ. ಕೃತ, ಕಾರಿತ, ಅನುಮತ ಮೂರರಿಂದಲೂ ಅವರು ಹೊರಗೆ. ಗೃಹಸ್ಥನು ಹಾಗಲ್ಲ. ಅವನ ಆರಂಭ, ಉದ್ಯೋಗಗಳು ಕಾಡನ್ನು ಕತ್ತರಿಸಿಯೇ ಬೆಳೆದಿವೆ. ರಸ್ತೆ ಮಾಡಿದವನು, ತೋಟವಿಟ್ಟವನು, ಆ ತೋಟದ ಬೆಳೆಯನ್ನು ಕೊಂಡವನು ಎಲ್ಲರೂ ಸೇರಿ ಮೃಗವನ್ನು ಒಂದು ಮೂಲೆಗೆ ತಂದು ನಿಲ್ಲಿಸಿದ ಮೇಲೆ, ಇನ್ನು ನಾವು ಕೈಹಚ್ಚುವುದಿಲ್ಲ, ಅದು ನಮ್ಮ ವ್ರತಕ್ಕೆ ವಿರುದ್ಧ ಎನ್ನುವುದು ಹಟ್ಟಿಗೆ ಬೆಂಕಿಯಿಟ್ಟು ಹಗ್ಗ ಮುಟ್ಟಲು ಹೇಸಿದಂತೆ. ಕಾಡು ಇದ್ದಾಗ ಮೃಗವನ್ನು ಬಿಟ್ಟಿರುವುದು ಅಹಿಂಸೆಯಾಗಿತ್ತು. ಕಾಡನ್ನು ತಿಂದ ಮೇಲೆ ಅದೇ ಬಿಡುವಿಕೆಗೆ ಆ ಹೆಸರು ಸಲ್ಲುವುದು ಕಷ್ಟ.

ಆದರೂ ಹಿಡಿಯುವವರ ಮಾತಿನಲ್ಲಿ ಒಂದು ಅಪಾಯವಿದೆ. ಅವರು ಜಾತಿಯ ಹೆಸರಿನಲ್ಲಿ ಮಾತನಾಡುತ್ತಾರೆ. ಜಾತಿಯನ್ನು ಉಳಿಸಲು ಕೆಲವು ಮೃಗಗಳು ಹೋದರೂ ಚಿಂತೆಯಿಲ್ಲವೆಂಬ ಧಾಟಿ ಆ ಮಾತಿನಲ್ಲಿ ನುಸುಳುತ್ತದೆ. ಜಿನಾಗಮದ ದೃಷ್ಟಿಯಿಂದ ಸುಮಾತ್ರಾ ಖಡ್ಗಮೃಗವೆಂಬ ಜಾತಿಗೆ ಆತ್ಮವಿಲ್ಲ, ಸುಖದುಃಖವಿಲ್ಲ. ಒಂದು ಜಾತಿ ಅಳಿದರೆ ಲೋಕದಲ್ಲಿ ಜೀವದ್ರವ್ಯವು ಎಳ್ಳಷ್ಟೂ ಕಡಿಮೆಯಾಗದು. ಆ ಜೀವಗಳು ತಮ್ಮ ಆಯುಷ್ಯಕರ್ಮ ತೀರಿದಂತೆ ಬೇರೆ ಬೇರೆ ಪರ್ಯಾಯಗಳಿಗೆ ಹೋಗುತ್ತವೆ. ಇಷ್ಟನ್ನು ಕೇಳಿದ ಕೆಲವರು, ಹಾಗಾದರೆ ಜಾತಿ ಅಳಿದರೆ ನಮಗೇನು ಎಂದು ಕೇಳಬಹುದು. ಉತ್ತರವನ್ನು ಜಾತಿಯಲ್ಲಿ ಹುಡುಕಬಾರದು. ಉಳಿದಿರುವ ಮೂವತ್ತು ನಲವತ್ತು ಮೃಗಗಳಲ್ಲಿ ಒಂದೊಂದೂ ಸಂಜ್ಞಿ ಪಂಚೇಂದ್ರಿಯ ಜೀವ, ದಶಪ್ರಾಣಗಳನ್ನು ಧರಿಸಿದ ಜೀವ. ಅಂಥ ತಿರ್ಯಂಚನಿಗೆ ಸಮ್ಯಕ್ತ್ವವೂ ಆಗಬಹುದು, ದೇಶವ್ರತವೂ ಆಗಬಹುದು ಎಂದು ಆಗಮವು ಹೇಳುತ್ತದೆ. ವರ್ಧಮಾನ ಸ್ವಾಮಿಗಳ ಜೀವವು ಸಿಂಹದ ಪರ್ಯಾಯದಲ್ಲಿಯೇ ಉಪದೇಶ ಕೇಳಿ ವ್ರತ ಹಿಡಿದ ಕಥೆ ಯಾವ ಮನೆಯಲ್ಲಿ ತಿಳಿದಿಲ್ಲ? ಕೆಸರು ಹೊಂಡದಲ್ಲಿ ಮಲಗಿರುವ ಆ ಮೃಗವು ಎಣಿಕೆಯ ಪಟ್ಟಿಯ ಒಂದು ಅಂಕೆಯಲ್ಲ, ವ್ರತಿಯಾಗಬಲ್ಲ ಜೀವ. ಜಾತಿಯ ಉಳಿವು ಅಂಥ ಒಂದೊಂದು ಜೀವದ ಹಿತದ ಮೂಲಕ ಬರಬೇಕೇ ಹೊರತು ಅದನ್ನು ತುಳಿದು ಬರಬಾರದು.

ಶ್ರಾವಣದ ಹುಣ್ಣಿಮೆಯ ಕಥೆಯೊಂದು ಇಲ್ಲಿ ಸಹಾಯಕ್ಕೆ ಬರುತ್ತದೆ. ನೂಲಹುಣ್ಣಿಮೆಯೆಂದು ಕರೆಯುವ ಆ ದಿನವೇ ಶ್ರೇಯಾಂಸನಾಥ ಸ್ವಾಮಿಗಳು ಸಮ್ಮೇದಶಿಖರದಲ್ಲಿ ಮೋಕ್ಷ ಹೊಂದಿದ ತಿಥಿ. ವಿಷ್ಣುಕುಮಾರ ಮುನಿಗಳ ರಕ್ಷಾಕಥೆಯ ತಿಥಿಯೂ ಅದೇ. ಹಸ್ತಿನಾಪುರದಲ್ಲಿ ಬಲಿಯೆಂಬ ಮಂತ್ರಿಯು ಏಳು ದಿನದ ಅಧಿಕಾರ ಪಡೆದು, ಅಕಂಪನಾಚಾರ್ಯರ ಸಂಘದ ಏಳುನೂರು ಮುನಿಗಳ ಸುತ್ತ ಬೆಂಕಿಯೊಡ್ಡಿದನು. ವಿಷ್ಣುಕುಮಾರರು ವಿಕ್ರಿಯಾಋದ್ಧಿಯುಳ್ಳ ತಪಸ್ವಿಗಳು. ಅವರು ಮುನಿವೇಷವನ್ನು ಬಿಟ್ಟು, ವಾಮನ ಬ್ರಾಹ್ಮಣನ ರೂಪ ತಾಳಿ, ಮೂರು ಹೆಜ್ಜೆ ನೆಲ ಬೇಡಿ, ಉಪಸರ್ಗವನ್ನು ನಿವಾರಿಸಿದರು. ವಾತ್ಸಲ್ಯಾಂಗಕ್ಕೆ ಇವರನ್ನೇ ದೃಷ್ಟಾಂತವಾಗಿ ಹೇಳುವ ರೂಢಿ. ಕಥೆ ಹೇಳುವವರು ಬಹುಮಟ್ಟಿಗೆ ಇಲ್ಲಿಗೇ ನಿಲ್ಲಿಸಿ ಮಕ್ಕಳ ಕೈಗೆ ನೂಲು ಕಟ್ಟಿಬಿಡುತ್ತಾರೆ. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಉಪಸರ್ಗ ಕಳೆದ ಮೇಲೆ ವಿಷ್ಣುಕುಮಾರರು ಗುರುಗಳ ಬಳಿಗೆ ಹೋಗಿ ಪ್ರಾಯಶ್ಚಿತ್ತ ಸ್ವೀಕರಿಸಿದರು. ಏಳುನೂರು ಮುನಿಗಳ ಪ್ರಾಣ ಉಳಿಸಿದೆನಲ್ಲ, ನನಗೇತರ ಪ್ರಾಯಶ್ಚಿತ್ತ ಎಂದು ಅವರು ಕೇಳಲಿಲ್ಲ.

ಬಂಧದ ಪ್ರಶ್ನೆಗೆ ಈ ಕಥೆಯ ಉತ್ತರಾರ್ಧದಲ್ಲಿ ಬೆಳಕಿದೆ. ರಕ್ಷಣೆಗಾಗಿ ಮಾಡಿದರೂ ಬಂಧವು ಬಂಧವೇ. ಉದ್ದೇಶವು ಅದನ್ನು ಮಾಡುವಂತೆ ಪ್ರೇರಿಸಬಹುದು; ಅದರ ದೋಷವನ್ನು ಅಳಿಸಲಾರದು. ಮಾಡಬೇಕಾದುದನ್ನು ಮಾಡಿ, ಮಾಡಿದುದರ ಲೆಕ್ಕವನ್ನು ಮರೆಮಾಚದೆ ಒಪ್ಪಿಸತಕ್ಕದ್ದು. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ತನ್ನ ದೋಷವನ್ನು ಗುರುವಿನ ಮುಂದೆ ಏನನ್ನೂ ಬಚ್ಚಿಡದೆ ನಿವೇದಿಸುವುದು. 1997ರಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಮೃಗಗಳನ್ನು ಹಿಡಿಯಲು ಮೊದಲು ಒಪ್ಪಿಗೆ ಕೊಟ್ಟಿದ್ದ ಅಂತರರಾಷ್ಟ್ರೀಯ ತಜ್ಞರ ಮಂಡಳಿಯೇ, ಕಾರ್ಯಕ್ರಮವು ವಿಫಲವಾಯಿತೆಂದೂ ಇಪ್ಪತ್ತು ಮೃಗಗಳು ಸತ್ತವೆಂದೂ ಬರೆದು ಪ್ರಕಟಿಸಿತು. ಅವರಿಗೆ ಆಲೋಚನೆಯೆಂಬ ಪಾರಿಭಾಷಿಕ ಶಬ್ದ ತಿಳಿದಿರಲಾರದು. ಆದರೆ ತನ್ನ ಸೋಲನ್ನು ಅಂಕೆಸಂಖ್ಯೆಗಳೊಡನೆ ತಾನೇ ಹೇಳಿಕೊಳ್ಳುವ ಸಂಸ್ಥೆಗಳು ಲೋಕದಲ್ಲಿ ವಿರಳ. ಧಾರ್ಮಿಕ ಸಂಸ್ಥೆಗಳನ್ನೂ ಸೇರಿಸಿಯೇ ಈ ಮಾತು.

ಆ ಮೇಲಿನ ಕೆಲಸದ ರೀತಿ ಬದಲಾಯಿತು. ಸಿನ್ಸಿನಾಟಿಯಲ್ಲಿ ವೈದ್ಯರು ಎಮಿ ಎಂಬ ಹೆಣ್ಣನ್ನು ದಿನದಿನವೂ ಪರೀಕ್ಷಿಸಿ, ಗಂಡಿನ ಸಂಗವಾದ ಮೇಲಷ್ಟೇ ಈ ಜಾತಿಯ ಹೆಣ್ಣಿನಲ್ಲಿ ಅಂಡವು ಬಿಡುಗಡೆಯಾಗುತ್ತದೆಂಬುದನ್ನು ಕಂಡುಹಿಡಿದರು. ಐದು ಸಲ ಗರ್ಭ ನಿಂತು ಇಳಿದುಹೋಯಿತು. ಕೊನೆಗೆ ಔಷಧದ ಸಹಾಯದಿಂದ 2001ರ ಸೆಪ್ಟೆಂಬರ್ 13ರಂದು ಅಂದಾಲಾಸ್ ಎಂಬ ಗಂಡುಮರಿ ಹುಟ್ಟಿತು. ಬಂಧನದಲ್ಲಿಯೇ ಜೋಡಿಗೂಡಿಸಿ ಪಡೆದ ಅದಕ್ಕೆ ಹಿಂದಿನ ಮರಿ ಹುಟ್ಟಿದ್ದು 1889ರಲ್ಲಿ, ನಮ್ಮ ಕಲಕತ್ತೆಯ ಮೃಗಾಲಯದಲ್ಲಿ; ನಡುವೆ 112 ವರ್ಷ. ಎಮಿಗೆ ಮುಂದೆ 2004ರಲ್ಲಿ ಸೂಚಿ, 2007ರಲ್ಲಿ ಹರಪಾನ್ ಎಂಬ ಮರಿಗಳಾದವು. ಆದರೆ ಬಂಧವು ತನ್ನ ಸುಂಕವನ್ನು ಬಿಡಲಿಲ್ಲ. ಮೈಯಲ್ಲಿ ಕಬ್ಬಿಣದ ಅಂಶ ಮಿತಿಮೀರಿ ಸೇರುವ ರೋಗದಿಂದ ಎಮಿ 2009ರಲ್ಲಿ ಸತ್ತಿತು. ಮಗಳು ಸೂಚಿಯೂ 2014ರಲ್ಲಿ ಅದೇ ರೋಗಕ್ಕೆ ತುತ್ತಾಯಿತು.

ಅಂದಾಲಾಸನ್ನು 2007ರಲ್ಲಿ, ಹರಪಾನನ್ನು 2015ರಲ್ಲಿ ಸುಮಾತ್ರಾಕ್ಕೆ ಮರಳಿ ಕಳುಹಿಸಿದರು. ಅಲ್ಲಿನ ವೇ ಕಂಬಾಸ್ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 100 ಹೆಕ್ಟೇರ್ ಕಾಡಿಗೇ ಬೇಲಿ ಹಾಕಿ ಮಾಡಿದ ಆಶ್ರಯವೊಂದಿದೆ. ಮೃಗಗಳಿಗೆ ಬೇರೆ ಬೇರೆ ಕಾಡುಭಾಗ, ಕೆಸರುಹೊಂಡ, ಅಲ್ಲಿನದೇ ಸೊಪ್ಪು. ಹಿರಿಯರು ಹೇಳಿದ ಸಡಿಲವಾದ ಕಟ್ಟಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಈಗ ಸಿಗಲಾರದು. ಅಲ್ಲಿ 2012ರಲ್ಲಿ ಆಂದಾತು, 2016ರಲ್ಲಿ ದೆಲೀಲಾ ಹುಟ್ಟಿದವು. ರೋಸಾ ಎಂಬ ಹೆಣ್ಣು ಹಳ್ಳಿಗಳ ಬಳಿ ಅಂಜಿಕೆಯಿಲ್ಲದೆ ಅಲೆಯುತ್ತಿದ್ದುದರಿಂದ ಅದರ ಪ್ರಾಣಕ್ಕೆ ಅಪಾಯವೆಂದು 2005ರಲ್ಲಿ ತಂದಿಟ್ಟಿದ್ದರು. ಎಂಟು ಸಲ ಗರ್ಭ ಇಳಿದ ಮೇಲೆ 2022ರ ಮಾರ್ಚಿನಲ್ಲಿ ಅದಕ್ಕೆ ಒಂದು ಹೆಣ್ಣುಮರಿಯಾಯಿತು. ಅದರ ತಂದೆ ಅಲ್ಲಿಯೇ ಹುಟ್ಟಿದ ಆಂದಾತು. 2023ರ ಸೆಪ್ಟೆಂಬರ್, ನವೆಂಬರುಗಳಲ್ಲಿ ಇನ್ನೆರಡು ಮರಿಗಳು. ಆ ವರ್ಷದ ಅಂತ್ಯಕ್ಕೆ ಅಲ್ಲಿದ್ದವು ಒಟ್ಟು 10. ಈ ಹತ್ತರ ಹಿಂದೆ ಆ ಇಪ್ಪತ್ತು ಸಾವುಗಳ ಪಾಠವಿದೆ. ಸತ್ತ ಮೃಗಗಳು ಮಾತ್ರ ಈ ಪಾಠಕ್ಕಾಗಿ ತಮ್ಮನ್ನು ಒಪ್ಪಿಸಿಕೊಂಡಿರಲಿಲ್ಲ.

ಕರ್ನಾಟಕದ ಮನೆಗಳಿಗೂ ಆ ದೂರದ ದ್ವೀಪಗಳಿಗೂ ಇರುವ ಸಂಬಂಧವು ಅಡಿಗೆಮನೆಯ ಡಬ್ಬಿಯಲ್ಲಿದೆ. ಎಣ್ಣೆತಾಳೆಯ ಎಣ್ಣೆಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ತರಿಸಿಕೊಳ್ಳುವ ದೇಶ ಭಾರತ. ಅದರ ಬಹುಭಾಗ ಬರುವುದು ಇಂಡೋನೇಷಿಯಾ, ಮಲೇಷಿಯಾಗಳಿಂದ. ಪಾಮೋಲಿನ್ ಎಂದು ಕೊಂಡು ತಂದದ್ದಲ್ಲದೆ ಅಂಗಡಿಯ ಬಿಸ್ಕತ್ತು, ಕರಿದ ತಿಂಡಿ, ಸಾಬೂನುಗಳಲ್ಲಿಯೂ ಅದು ಸೇರಿರುತ್ತದೆ. ಸುಮಾತ್ರಾ ಬೋರ್ನಿಯೋಗಳ ತಗ್ಗುನೆಲದ ಕಾಡುಗಳನ್ನು ಕಡಿದದ್ದು ಈ ಒಂದು ಬೆಳೆಗಾಗಿ ಮಾತ್ರವಲ್ಲ. ಮರದ ವ್ಯಾಪಾರ, ಕಾಫಿ, ರಸ್ತೆಗಳೂ ಕಾರಣ. ಕೊಂಬಿನ ಬೇಟೆಯಂತೂ ಎಲ್ಲಕ್ಕಿಂತ ಹಳೆಯದು. ಆದುದರಿಂದ ಈ ಎಣ್ಣೆಯನ್ನು ಬಿಟ್ಟೊಡನೆ ಆ ಮೃಗ ಉಳಿಯುವುದೆಂದು ಉಪದೇಶಿಸಿದರೆ ಸತ್ಯಾಣುವ್ರತಕ್ಕೇ ಚ್ಯುತಿ ಬಂದೀತು. ಇಷ್ಟು ಹೇಳಬಹುದು: ರಸಪರಿತ್ಯಾಗದಲ್ಲಿ ಎಣಿಸುವ ಆರು ರಸಗಳಲ್ಲಿ ಎಣ್ಣೆಯೂ ಒಂದು, ಭೋಗೋಪಭೋಗ ಪರಿಮಾಣದಲ್ಲಿ ಪದಾರ್ಥದ ಮಿತಿಯೊಡನೆ ಅದು ಬಂದ ದಾರಿಯನ್ನು ವಿಚಾರಿಸಲು ಅಡ್ಡಿಯಿಲ್ಲ. ಪರ್ವದ ದಿನಗಳಲ್ಲಿ ಒಂದು ರಸ ಬಿಡುವ ಮನೆಯವರು ಯಾವ ಮರದ, ಯಾವ ನೆಲದ ಎಣ್ಣೆಯನ್ನು ಬಿಟ್ಟೆವೆಂದು ಒಮ್ಮೆ ಡಬ್ಬಿಯ ಮೇಲಿನ ಅಕ್ಷರ ನೋಡಿದರೆ ವ್ರತಕ್ಕೆ ಹಾನಿಯೇನೂ ಇಲ್ಲ.

ಬೋರ್ನಿಯೋದ ಇಂಡೋನೇಷಿಯಾ ಭಾಗದಲ್ಲಿ 2016ರ ಮಾರ್ಚಿನಲ್ಲಿ ನಜಾಕ್ ಎಂಬ ಹೆಣ್ಣುಮೃಗವನ್ನು ಗುಂಡಿ ತೋಡಿ ಹಿಡಿದರು. ಅದರ ಕಾಲಿನಲ್ಲಿ ಹಳೆಯ ಉರುಲಿನ ಗಾಯ ಕೊಳೆತಿತ್ತು. ಕೆಲವು ವಾರಗಳಲ್ಲಿ, ಏಪ್ರಿಲ್ 5ರಂದು, ಅದು ತೀರಿಕೊಂಡಿತು. ರಕ್ಷಕರ ಗುಂಡಿಯು ಬೇಟೆಗಾರನ ಉರುಲಿಗಿಂತ ತಡವಾಗಿ ಬಂದಿತ್ತು. 2018ರ ನವೆಂಬರಿನಲ್ಲಿ ಅದೇ ಸೀಮೆಯ ತುಂಡುಕಾಡಿನಿಂದ ಪಾಹು ಎಂಬ ಇನ್ನೊಂದು ಹೆಣ್ಣನ್ನು ಹಿಡಿದು ಕೆಲಿಯಾನ್ ಎಂಬಲ್ಲಿನ ಆಶ್ರಯಕ್ಕೆ ತಂದರು. ಈ ಜಾತಿಯಲ್ಲಿಯೂ ಅದು ಚಿಕ್ಕ ದೇಹದ್ದು, ವಯಸ್ಸಾದದ್ದು. ತಂತಿಯ ಉರುಲಿನ ಭಯ ಅದಕ್ಕೆ ತಪ್ಪಿತು. ಜೊತೆಗೆ ಗಂಡು ದೊರೆಯಲಿಲ್ಲ. ಕಾವಲಿನವರು ದಿನವೂ ಕಾಡಿಗೆ ಹೋಗಿ ಸೊಪ್ಪು ಕಡಿದು, ಹೊರೆ ಕಟ್ಟಿ ತಂದು ಹಾಕುವ ಏರ್ಪಾಡು ಮಾಡಿದರು. ಒಣಹುಲ್ಲನ್ನು ಅಲ್ಲಿ ಯಾರೂ ಹಾಕಲಿಲ್ಲ.